ಏರ್ ಫ್ರೈಯರ್‌ನಲ್ಲಿ ಗರಿಗರಿ ಕೋಳಿ: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಏರ್ ಫ್ರೈಯರ್ ಜತೆ ಬರುವ ಪುಸ್ತಿಕೆಯ ಡಿಗ್ರಿ, ನಿಮಿಷಗಳು ನಮ್ಮ ಹವೆ, ನಮ್ಮ ವೋಲ್ಟೇಜು, ನಮ್ಮ ಅಂಗಡಿಯ ಚರ್ಮ ತೆಗೆದ ಕೋಳಿಯನ್ನು ನೋಡಿ ಬರೆದವಲ್ಲ. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಜುಲೈ ಮಳೆಯಲ್ಲಿ ಅದನ್ನೇ ನಂಬಿ ಮಾಡಿದರೆ ತುಂಡಿನ ಮೇಲೆಲ್ಲ ಜವುಗು, ಒಳಗೆ ನಾರು. ಕೆಳಗಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ತುಂಡಿನ ಮೇಲಿನ ನೀರು ಹೋಗಬೇಕು, ಒಳಗಿನ ನೀರು ಉಳಿಯಬೇಕು. ಉಪ್ಪು, ಹಿಟ್ಟು, ಎಣ್ಣೆ, ಡಿಗ್ರಿ ಎಲ್ಲವೂ ಈ ಎರಡು ಕೆಲಸಕ್ಕಾಗಿಯೇ.

ಇಲ್ಲಿನ ಲೆಕ್ಕವೆಲ್ಲ 4ರಿಂದ 5 ಲೀಟರ್ ಬುಟ್ಟಿಯ, 1,400–1,500 ವ್ಯಾಟ್ ಮಾದರಿಗೆ. ಚಮಚ ಎಂದಲ್ಲೆಲ್ಲ ಗೀರಿ ಸಮ ಮಾಡಿದ ಟೀ ಚಮಚ.

ಇದು ನಿಜವಾಗಿ ಕರಿಯುತ್ತದಾ? ಎಣ್ಣೆಯಲ್ಲಿ ಕರಿದಷ್ಟೇ ಗರಿ ಬರುತ್ತದಾ?

ಕರಿಯುವುದಿಲ್ಲ, ಬಿಸಿಗಾಳಿಯಲ್ಲಿ ಸುಡುತ್ತದೆ. ಮೇಲೆ ಕಾಯಿಲ್, ಅದರ ಮೇಲೆ ಫ್ಯಾನ್. ಕಾದ ಗಾಳಿ ತೂತುಗಳ ಬುಟ್ಟಿಯ ಸುತ್ತ ಜೋರಾಗಿ ತಿರುಗುತ್ತದೆ. ಸಣ್ಣ ಓವನ್ ಎಂದುಕೊಂಡರೆ ತಪ್ಪಿಲ್ಲ. ಬಾಣಲೆಯ ಎಣ್ಣೆ ತುಂಡನ್ನು ಎಲ್ಲ ಕಡೆಯಿಂದ ಮುಟ್ಟಿ ಬೇಗ ಶಾಖ ಕೊಡುತ್ತದೆ, ಗಾಳಿಗೆ ಆ ಶಕ್ತಿ ಇಲ್ಲ. ಹಾಗಾಗಿ ಎಣ್ಣೆಯಲ್ಲಿ ಏಳೆಂಟು ನಿಮಿಷಕ್ಕೆ ಆಗುವ ಕಬಾಬ್ ಇಲ್ಲಿ ಹದಿನೈದು ನಿಮಿಷ ಕೇಳುತ್ತದೆ.

ಮೇಲೆ ನೀರಿನ ಪಸೆ ಇರುವ ತನಕ ಆ ಜಾಗದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಬಣ್ಣ ಮತ್ತು ಹುರಿದ ಘಮ ಚೆನ್ನಾಗಿ ಹುಟ್ಟುವುದು ಸುಮಾರು 140 ಡಿಗ್ರಿಯಿಂದ ಮೇಲೆ. ಅಂದರೆ ಒದ್ದೆ ತುಂಡು ಹಾಕಿದರೆ ಮೊದಲ ಎಂಟು ಹತ್ತು ನಿಮಿಷ ಯಂತ್ರ ನೀರು ಆರಿಸುವುದರಲ್ಲೇ ಕಳೆಯುತ್ತದೆ. ಅಷ್ಟರಲ್ಲಿ ಒಳಗೆ ಬೆಂದಿರುತ್ತದೆ. ಬಣ್ಣ ಬರಲಿ ಎಂದು ಇನ್ನೂ ಹತ್ತು ನಿಮಿಷ ಬಿಟ್ಟರೆ ಒಳಗಿನ ರಸವೂ ಹೋಯಿತು.

ಹಿಟ್ಟು ಮೆತ್ತಿದ ಕಬಾಬ್ ವಿಷಯದಲ್ಲಿ ಬಾಣಲೆಯೇ ಮೇಲು. ಚರ್ಮ ಇರುವ ಕಾಲು ಮತ್ತು ರೆಕ್ಕೆಯಲ್ಲಿ ಏರ್ ಫ್ರೈಯರ್ ಬಾಣಲೆಗೆ ಸರಿಸಮ ನಿಲ್ಲುತ್ತದೆ, ಕೆಲವೊಮ್ಮೆ ಒಂದು ಕೈ ಮೇಲೇ.

ಅಂಗಡಿಯಲ್ಲಿ ಏನು ಕೇಳಿ ತರಬೇಕು?

ಮೊದಲ ಸಲ ಮಾಡುವವರು ಬ್ರಾಯ್ಲರ್ ಲೆಗ್ ಪೀಸ್ ತನ್ನಿ, ಚರ್ಮ ಸಮೇತ. ನಮ್ಮ ಕಡೆ ಬ್ರಾಯ್ಲರ್ ಎಂದರೆ ಹೇಳದೇ ಇದ್ದರೂ ಚರ್ಮ ಸುಲಿದೇ ಕೊಡುವುದು ಜಾಸ್ತಿ. ‘ವಿತ್ ಸ್ಕಿನ್ ಇರಲಿ, ಲೆಗ್ ಇಡಿಯಾಗಿ ಕೊಡಿ, ಕತ್ತರಿಸಬೇಡಿ’ ಎಂದು ಮುಂಚೆಯೇ ಹೇಳಬೇಕು. ಚರ್ಮದ ಕೆಳಗಿನ ಕೊಬ್ಬು ಕರಗಿ ತುಂಡನ್ನು ತಾನೇ ಹುರಿಯುತ್ತದೆ. ಒಂದು ಹನಿ ಎಣ್ಣೆ ಹಾಕದಿದ್ದರೂ ನಡೆಯುತ್ತದೆ.

ತೊಡೆ ಮತ್ತು ಕಾಲಿನಲ್ಲಿ ಕೊಬ್ಬು, ಮಾಂಸದ ಎಳೆ ಹಿಡಿದಿಡುವ ಅಂಟು ಎರಡೂ ಇರುವುದರಿಂದ ಐದು ನಿಮಿಷ ಹೆಚ್ಚಾದರೂ ಒಣಗುವುದಿಲ್ಲ. ಎದೆ ಮಾಂಸ ಹಾಗಲ್ಲ, ಅದಕ್ಕೆ ಎರಡು ನಿಮಿಷವೇ ಹೆಚ್ಚು. ಕಬಾಬ್‌ಗಾದರೆ ಮೂಳೆ ಸಮೇತ 30–40 ಗ್ರಾಂ ತುಂಡು ಸಾಕು. ಬಿರಿಯಾನಿ ಕಟ್ ದೊಡ್ಡದಾಯಿತು. ತುಂಡುಗಳೆಲ್ಲ ಒಂದೇ ಅಳತೆಯಲ್ಲಿರಲಿ. ಇಲ್ಲದಿದ್ದರೆ ಕತ್ತಿನ ತುಂಡು ಕರಕಲಾಗುವ ಹೊತ್ತಿಗೆ ತೊಡೆ ಇನ್ನೂ ಹಸಿ.

ನಾಟಿ ಕೋಳಿ ಹಾಕಬಹುದಾ?

ಹಸಿಯಾಗಿ ನೇರ ಹಾಕಬೇಡಿ. ತಿರುಗಾಡಿ ಬೆಳೆದ, ಆರು ತಿಂಗಳು ದಾಟಿದ ಕೋಳಿಯ ಮಾಂಸದಲ್ಲಿ ಗಟ್ಟಿ ಅಂಟು ಬಹಳ. ಅದು ಕರಗಿ ಮೆತ್ತಗಾಗಲು ತೇವದ ಶಾಖ ಮತ್ತು ಹೊತ್ತು ಎರಡೂ ಬೇಕು. ಒಣ ಗಾಳಿಯಲ್ಲಿ ಅರ್ಧ ಗಂಟೆ ಇಟ್ಟರೆ ರಬ್ಬರ್ ಆಗುತ್ತದೆ.

ಎರಡು ಹಂತದಲ್ಲಿ ಮಾಡಿದರೆ ಬಹಳ ಚೆನ್ನ. ಒಂದು ಕೆಜಿ ತುಂಡಿಗೆ ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಶಿನ, ಜಜ್ಜಿದ ಶುಂಠಿ, ಎರಡು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಮಧ್ಯಮ ಉರಿಗೆ ಮೂರು ನಾಲ್ಕು ಕೂಗು. ಹುಂಜ ಬಲಿತಿದ್ದರೆ ಐದಾರು ಕೂಗೂ ಬೇಕಾದೀತು. ಬೆರಳಲ್ಲಿ ಒತ್ತಿದರೆ ಬಿಡಬೇಕು, ಮೂಳೆಯಿಂದ ಕಳಚಿ ಬೀಳಬಾರದು. ತುಂಡುಗಳನ್ನು ಎತ್ತಿ ತಟ್ಟೆಯಲ್ಲಿ ಹರಡಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಆರಿಸಿ. ಬಿಸಿ ಇದ್ದಾಗಲೇ ಹರಡಿದರೆ ಹಬೆಯಾಗಿ ನೀರು ತಾನೇ ಹೋಗುತ್ತದೆ. ಆಮೇಲೆ ಎಣ್ಣೆ ಸವರಿ 200 ಡಿಗ್ರಿಯಲ್ಲಿ 8ರಿಂದ 10 ನಿಮಿಷ. ಸುಟ್ಟು ಕ್ಲೀನ್ ಮಾಡಿಸಿದ ಕೋಳಿಯಾದರೆ ಚರ್ಮ ಇರುತ್ತದೆ, ಅದು ಹಪ್ಪಳದಂತೆ ಆಗುತ್ತದೆ. ಕುಕ್ಕರಿನಲ್ಲಿ ಉಳಿದ ರಸವನ್ನು ಚೆಲ್ಲುವಂತಿಲ್ಲ. ಕಡುಬಿಗೆ ಸಾರು ಅದರಲ್ಲೇ ಮಾಡಿ.

ಗಿರಿರಾಜ ತಳಿಯ ಕೋಳಿಗೂ ಇದೇ ದಾರಿ, ಎಳೆಯದಾದರೆ ಎರಡು ಕೂಗು ಸಾಕು.

ಕೋಳಿಯನ್ನು ತೊಳೆಯಬೇಕಾ? ತೊಳೆದಮೇಲೆ ನೀರು ಬಿಡುತ್ತಲೇ ಇರುತ್ತದಲ್ಲ?

ತೊಳೆದರೆ ರೋಗಾಣು ಹೋಗುವುದಿಲ್ಲ, ಬೇಯಿಸಿದರೆ ಮಾತ್ರ ಸಾಯುತ್ತವೆ. ಜೋರು ನಲ್ಲಿಯ ಕೆಳಗೆ ಹಿಡಿದರೆ ಸುತ್ತಮುತ್ತಲ ಪಾತ್ರೆ, ತರಕಾರಿಯ ಮೇಲೆಲ್ಲ ಸಿಡಿಯುತ್ತದೆ. ರಕ್ತ, ಮೂಳೆಪುಡಿ ಹೋಗಲೇಬೇಕು ಎನ್ನುವವರು ಅಗಲ ಪಾತ್ರೆಯ ನಿಂತ ನೀರಿನಲ್ಲಿ ಒಮ್ಮೆ ಅಲುಗಾಡಿಸಿ ತೆಗೆಯಿರಿ, ಆಮೇಲೆ ಸಿಂಕ್ ತೊಳೆಯಿರಿ.

ಮುಖ್ಯ ಕೆಲಸ ಅದರ ನಂತರದ್ದು. ತೂತಿನ ಪಾತ್ರೆಯಲ್ಲಿ ಹದಿನೈದು ನಿಮಿಷ ಬಸಿಯಲಿ. ಬಳಿಕ ಹಳೆಯ ಒಗೆದ ಹತ್ತಿ ಬಟ್ಟೆಯಲ್ಲೋ ಟಿಶ್ಯೂನಲ್ಲೋ ಒಂದೊಂದೇ ತುಂಡನ್ನು ಒತ್ತಿ ಒರೆಸಿ. ತೊಡೆಯ ಒಳಮಡಿಕೆ, ಚರ್ಮದ ಕೆಳಗಿನ ಜಾಗ ಬಿಡಬೇಡಿ. ಮುಟ್ಟಿದರೆ ಬೆರಳಿಗೆ ತೇವ ಅಂಟದೆ, ಸ್ವಲ್ಪ ಜಿಗುಟು ಅನ್ನಿಸಿದರೆ ಸರಿ. ಈ ಪುಟದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಆ ಬಟ್ಟೆಯನ್ನು ಬಿಸಿನೀರಲ್ಲಿ ಬೇರೆಯಾಗಿ ಒಗೆಯಿರಿ.

ಉಪ್ಪು ಎಷ್ಟು? ಯಾವಾಗ?

ಮೂಳೆ ಸಮೇತ ಕೆಜಿಗೆ 12 ಗ್ರಾಂ, ಅಂದರೆ ಪುಡಿ ಉಪ್ಪು ಎರಡು ಚಮಚ. ಕಲ್ಲುಪ್ಪಾದರೆ ಕುಟ್ಟಿ ಪುಡಿ ಮಾಡಿ ತೂಗಿ. ಹರಳಾಗಿ ಹಾಕಿದರೆ ಒಂದು ಕಡೆ ಉಪ್ಪುಪ್ಪು, ಇನ್ನೊಂದು ಕಡೆ ಚಪ್ಪೆ.

ಉಪ್ಪು ಹಚ್ಚಿದ ಅರ್ಧ ಗಂಟೆಯಲ್ಲಿ ಮಾಂಸ ನೀರು ಬಿಡುತ್ತದೆ. ಇದನ್ನು ನೋಡಿ ಗಾಬರಿಯಾಗಿ ಚೆಲ್ಲುವವರಿದ್ದಾರೆ. ಬಿಡಿ, ಹಾಗೇ ಇರಲಿ. ಆ ಉಪ್ಪುನೀರು ಮೆಲ್ಲಗೆ ಒಳಗೆ ಹೋಗುತ್ತದೆ, ಮಾಂಸದ ಪ್ರೊಟೀನನ್ನು ಸಡಿಲ ಮಾಡುತ್ತದೆ. ಸಡಿಲಾದ ಎಳೆ ಬೇಯುವಾಗ ಕಡಿಮೆ ಹಿಂಡಿಕೊಳ್ಳುವುದರಿಂದ ರಸ ಒಳಗೇ ನಿಲ್ಲುತ್ತದೆ. ಕಬಾಬ್ ತುಂಡಿಗೆ ಒಂದರಿಂದ ಎರಡು ಗಂಟೆ, ಇಡೀ ಲೆಗ್‌ಗೆ ನಾಲ್ಕರಿಂದ ಎಂಟು ಗಂಟೆ, ಫ್ರಿಜ್ಜಿನಲ್ಲೇ. ಚರ್ಮದ ತುಂಡುಗಳನ್ನು ಕೆಳಗಿನ ತಟ್ಟಿನಲ್ಲಿ, ಜಾಲರಿಯ ಮೇಲೆ ಮುಚ್ಚದೆ ಇಟ್ಟರೆ ಫ್ರಿಜ್ಜಿನ ಒಣ ಗಾಳಿಗೆ ಚರ್ಮ ಆರಿ ಕಾಗದದಂತಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಕೋಳಿ ಆರಿಸಲು ಮನೆಯಲ್ಲಿರುವ ಒಣ ಜಾಗ ಇದೊಂದೇ ಎನ್ನಬೇಕು. ಹಾಲು, ಹಣ್ಣು ಮೇಲಿನ ತಟ್ಟಿನಲ್ಲಿರಲಿ, ಕೋಳಿಯ ಕೆಳಗೆ ಏನೂ ಬೇಡ.

ಪ್ಯಾಕೆಟ್ ಕಬಾಬ್ ಪುಡಿಯಲ್ಲಿ ಉಪ್ಪು ಮೊದಲೇ ಇರುತ್ತದೆ. ಅದನ್ನು ಬಳಸುವ ದಿನ ಬೇರೆ ಉಪ್ಪು ಹಾಕುವ ಮುಂಚೆ ಪುಡಿಯ ರುಚಿ ನೋಡಿ.

ಮೊಸರು, ನಿಂಬೆ, ಉಪ್ಪಾಗೆ ಹುಳಿ, ಪಪ್ಪಾಯ: ಇವು ಮೆತ್ತಗೆ ಮಾಡುತ್ತವಾ?

ಮೊಸರು ಒಳ್ಳೆಯದು, ಆದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿರಲಿ. ಅರ್ಧ ಕೆಜಿಗೆ ಮೂರು ದೊಡ್ಡ ಚಮಚ ಸಾಕು. ತೆಳು ಮೊಸರು ತೂತಿನಿಂದ ಸೋರಿ ತಳದಲ್ಲಿ ಸೀಯುತ್ತದೆ, ತುಂಡು ಬೆಂದ ಬಣ್ಣಕ್ಕೇ ನಿಲ್ಲುತ್ತದೆ. ಬುಟ್ಟಿಗೆ ಹಾಕುವಾಗ ದಪ್ಪ ಮಸಾಲೆಯನ್ನು ಬೆರಳಲ್ಲಿ ಸವರಿ ತೆಗೆಯಿರಿ, ತೆಳು ಪದರ ಉಳಿದರೆ ಸಾಕು. ಇದು ಮನಸ್ಸಿಗೆ ಒಗ್ಗದ ಕೆಲಸ, ಮಸಾಲೆ ಹೋಯಿತಲ್ಲ ಅನ್ನಿಸುತ್ತದೆ; ಆದರೆ ಎರಡು ಮಿಲಿಮೀಟರ್ ದಪ್ಪದ ಒದ್ದೆ ಮಸಾಲೆ ಗರಿ ಆಗುವುದೇ ಇಲ್ಲ.

ನಿಂಬೆರಸ ಅರ್ಧ ಕೆಜಿಗೆ ಒಂದೆರಡು ಚಮಚ, ಎರಡು ಗಂಟೆ ಮೀರಬಾರದು. ಹುಳಿ ಹೆಚ್ಚಿದರೆ ಮಾಂಸದ ಹೊರಪದರ ಸುಣ್ಣದಂತೆ ಪುಡಿಪುಡಿ, ಮೇಲಾಗಿ ಬಣ್ಣವೂ ತಡ. ಉಪ್ಪಾಗೆ ಹುಳಿ, ಅಂದರೆ ಉಪ್ಪಾಗೆ ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ್ದು, ನಿಂಬೆಗಿಂತ ಬಹಳ ತೀಕ್ಷ್ಣ. ಕಾಲು ಚಮಚದಿಂದ ಶುರು ಮಾಡಿ, ಬೆಂದಮೇಲೆ ಸವರಿದರೆ ಇನ್ನೂ ಚೆನ್ನ. ಪಪ್ಪಾಯ ಕಾಯಿ ಅರೆದದ್ದು ಒಂದು ಚಮಚ, ಅರ್ಧ ಗಂಟೆ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮುದ್ದೆ.

ಶಿವಮೊಗ್ಗದ ಗಾಡಿಯ ಕೆಂಪು ಕಬಾಬ್ ಥರ ಬರಬೇಕು. ಅಳತೆ ಕೊಡಿ.

ಮೂಳೆ ಸಮೇತ ಅರ್ಧ ಕೆಜಿ. ಒರೆಸಿದ ತುಂಡಿಗೆ ಒಂದು ಚಮಚ ಉಪ್ಪು, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್ (ನೀರು ಹಾಕದೆ ಅರೆದದ್ದು), ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಕಾಲು ಚಮಚ ಅರಿಶಿನ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಒಂದು ಚಮಚ ನಿಂಬೆರಸ. ಒಂದೂವರೆ ಗಂಟೆ ಫ್ರಿಜ್. ತೆಗೆದು ಒಂದು ಮೊಟ್ಟೆಯ ಬಿಳಿಯಲ್ಲಿ ಅರ್ಧ ಮಾತ್ರ ಹಾಕಿ ಕಲಸಿ. ಬುಟ್ಟಿಗೆ ಹಾಕುವ ಐದು ನಿಮಿಷ ಮುಂಚೆ ಎರಡು ದೊಡ್ಡ ಚಮಚ ಕಾರ್ನ್ ಫ್ಲೋರ್, ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಉದುರಿಸಿ, ಕೊನೆಗೆ ಎರಡೂವರೆ ಚಮಚ ಎಣ್ಣೆ ಹಾಕಿ ಕೈಯಲ್ಲಿ ಹಚ್ಚಿ. ಹಿಟ್ಟು ತುಂಡಿಗೆ ಅಂಟಿರಬೇಕು, ಪಾತ್ರೆಯಲ್ಲಿ ಹರಿಯಬಾರದು.

ಮೂರು ನಾಲ್ಕು ನಿಮಿಷ ಖಾಲಿ ಕಾಯಿಸಿದ ಬುಟ್ಟಿಯಲ್ಲಿ 190 ಡಿಗ್ರಿ, 9 ನಿಮಿಷ. ಇಕ್ಕಳದಲ್ಲಿ ಒಂದೊಂದನ್ನೇ ತಿರುವಿ, 200 ಡಿಗ್ರಿಯಲ್ಲಿ ಇನ್ನು 5ರಿಂದ 7 ನಿಮಿಷ. ಆರು ನಿಮಿಷದೊಳಗೆ ಅಲ್ಲಾಡಿಸಿದರೆ ಹಿಟ್ಟಿನ ಪದರ ಬುಟ್ಟಿಗೇ ಅಂಟಿ ಕಿತ್ತು ಬರುತ್ತದೆ.

ಗಾಡಿಯವರ ಕಡುಕೆಂಪು ಬಹಳ ಸಲ ಬಣ್ಣದ ಪುಡಿಯದು. ಬ್ಯಾಡಗಿ ಪುಡಿಯನ್ನು ಮೊದಲು ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಬಣ್ಣ ಚೆನ್ನಾಗಿ ಬಿಡುತ್ತದೆ, ಪುಡಿಯೂ ಬೇಗ ಕಪ್ಪಾಗುವುದಿಲ್ಲ.

ಬಿಳಿ ಹಿಟ್ಟು ಹಾಗೇ ಉಳಿಯುತ್ತದೆ. ಯಾಕೆ?

ಎಣ್ಣೆ ತಾಗದ ಒಣ ಹಿಟ್ಟು ಬಿಸಿಗಾಳಿಯಲ್ಲಿ ಹಿಟ್ಟಾಗಿಯೇ ಇರುತ್ತದೆ. ತಿರುವುವಾಗ ಬಿಳಿ ಕಂಡ ಜಾಗಕ್ಕೆ ಬ್ರಷ್‌ನಲ್ಲಿ ಎಣ್ಣೆ ಮುಟ್ಟಿಸಿ.

ಇದರ ಇನ್ನೊಂದು ತುದಿ ಬಜ್ಜಿ ಹಿಟ್ಟಿನಂಥ ನೀರು ಕಲಸು. ಕಾದ ಎಣ್ಣೆಗೆ ಬಿದ್ದ ಹಿಟ್ಟು ಆ ಕ್ಷಣವೇ ಗಟ್ಟಿಯಾಗುತ್ತದೆ. ಇಲ್ಲಿ ಗಟ್ಟಿಯಾಗುವ ಮುಂಚೆ ತೂತಿನಿಂದ ಇಳಿದುಹೋಗುತ್ತದೆ. ನೀರು ಕಲಸಿದ ಹಿಟ್ಟಿನ ಯಾವ ತಿಂಡಿಯೂ ಏರ್ ಫ್ರೈಯರ್‌ಗೆ ಹೇಳಿಸಿದ್ದಲ್ಲ.

ಯಾವ ತುಂಡಿಗೆ ಎಷ್ಟು ಡಿಗ್ರಿ, ಎಷ್ಟು ನಿಮಿಷ?

ಇಡೀ ಲೆಗ್, ಸುಮಾರು 250 ಗ್ರಾಂ: ಚರ್ಮ ಕೆಳಗೆ ಮಾಡಿ 180 ಡಿಗ್ರಿಯಲ್ಲಿ 18 ನಿಮಿಷ, ತಿರುವಿ 200ರಲ್ಲಿ 6–8 ನಿಮಿಷ.

ಡ್ರಮ್‌ಸ್ಟಿಕ್, 100–120 ಗ್ರಾಂ: 190 ಡಿಗ್ರಿ, 20–22 ನಿಮಿಷ, ಹನ್ನೆರಡಕ್ಕೆ ತಿರುವಿ.

ರೆಕ್ಕೆ: 180ರಲ್ಲಿ 12, ಆಮೇಲೆ 200ರಲ್ಲಿ 8 ನಿಮಿಷ. ಚರ್ಮ ಇನ್ನೂ ಗರಿ ಬೇಕೆಂದರೆ ಉಪ್ಪಿನ ಜತೆಗೇ ಅರ್ಧ ಕೆಜಿಗೆ ಒಂದು ಚಮಚ ಬೇಕಿಂಗ್ ಪೌಡರ್. ಅಡುಗೆ ಸೋಡಾ ಅಲ್ಲ, ಅದು ಅಷ್ಟೇ ಅಳತೆಗೆ ಸಾಬೂನಿನ ರುಚಿ ಕೊಡುತ್ತದೆ.

ಮೂಳೆ ಇಲ್ಲದ ತೊಡೆ ತುಂಡು, ಒಂದೂವರೆ ಇಂಚು: 200 ಡಿಗ್ರಿ, 10–12 ನಿಮಿಷ.

ಎದೆ ಮಾಂಸ, 2 ಸೆಂ.ಮೀ. ದಪ್ಪಕ್ಕೆ ತಟ್ಟಿದ್ದು: 180 ಡಿಗ್ರಿ, 12–14 ನಿಮಿಷ.

ಇಡೀ ಕೋಳಿ ಒಂದು ಕೆಜಿ ಆಸುಪಾಸಿನದು: ಎದೆ ಕೆಳಗೆ ಮಾಡಿ 170ರಲ್ಲಿ 30 ನಿಮಿಷ, ತಿರುವಿ 20, ಕೊನೆಗೆ 200ರಲ್ಲಿ 5. ಮೇಲಿನ ಕಾಯಿಲ್‌ಗೂ ಕೋಳಿಗೂ ಎರಡು ಬೆರಳು ಅಂತರ ಇಲ್ಲದಿದ್ದರೆ ಇಡೀ ಕೋಳಿಯ ಆಸೆ ಬಿಡಿ, ಮಧ್ಯ ಸೀಳಿ ಎರಡು ಭಾಗ ಮಾಡಿ.

ಫ್ರಿಜ್ಜಿನಿಂದ ತೆಗೆದ ತಕ್ಷಣ ಹಾಕುವುದಾದರೆ ಎರಡು ಮೂರು ನಿಮಿಷ ಸೇರಿಸಿ.

ಬೆಂದಿದೆ ಅಂತ ಗೊತ್ತಾಗುವುದು ಹೇಗೆ? ಮೂಳೆ ಹತ್ತಿರ ಕೆಂಪಗಿದ್ದರೆ?

ಅಡುಗೆ ಥರ್ಮಾಮೀಟರ್ ಇದ್ದರೆ ಚಿಂತೆಯಿಲ್ಲ. ದಪ್ಪ ಜಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ: 74 ಡಿಗ್ರಿ ಬಂದರೆ ಯಾವ ಭಾಗವೂ ತಿನ್ನಲು ಸುರಕ್ಷಿತ. ಕಾಲು, ತೊಡೆ 80ರಿಂದ 85ಕ್ಕೆ ಹೋದರೆ ರುಚಿ ಹೆಚ್ಚು, ಅಂಟು ಕರಗಿ ಮೂಳೆಯಿಂದ ಸಲೀಸಾಗಿ ಬಿಡುತ್ತದೆ. ಹಾಗಾಗಿ ‘74 ಆಯಿತು’ ಎಂದು ಲೆಗ್ ತೆಗೆದವರು ಜಗಿಯುವಾಗ ಬೇಸರಪಡುತ್ತಾರೆ.

ಥರ್ಮಾಮೀಟರ್ ಇಲ್ಲದಿದ್ದರೆ ಡ್ರಮ್‌ಸ್ಟಿಕ್ಕಿನ ಗಿಣ್ಣು ನೋಡಿ. ಬೆಂದದ್ದರಲ್ಲಿ ಚರ್ಮ, ಮಾಂಸ ಮೂಳೆಯ ತುದಿ ಬಿಟ್ಟು ಒಂದು ಬೆರಳಗಲ ಮೇಲೆ ಸರಿದು, ಬಿಳಿ ಮೂಳೆ ಕಾಣುತ್ತಿರುತ್ತದೆ. ತೊಡೆ-ಕಾಲಿನ ಸಂದು ತಿರುಚಿದರೆ ಬಿಗಿ ಹಿಡಿಯದೆ ತಿರುಗುತ್ತದೆ. ಸದ್ದೂ ಹೇಳುತ್ತದೆ: ಮೊದಲು ಒದ್ದೆ ಸೊಂಯ್ ಸದ್ದು, ನೀರು ಮುಗಿದಮೇಲೆ ಸಣ್ಣಗೆ ಚಿಟಪಟ.

ಬ್ರಾಯ್ಲರ್ ಎಳೆಯ ಕೋಳಿ, ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಜ್ಜೆಯ ಬಣ್ಣ ಸೋರಿ ಪಕ್ಕದ ಮಾಂಸ ಕೆಂಪಾಗುತ್ತದೆ, ಫ್ರೀಜರಿನಲ್ಲಿಟ್ಟ ಕೋಳಿಯಲ್ಲಿ ಇನ್ನೂ ಹೆಚ್ಚು. ಮಾಂಸ ಬಿಳಿಯಾಗಿ ಎಳೆಎಳೆಯಾಗಿ ಬಿಡುತ್ತಿದ್ದು ಬಿಸಿ 74 ದಾಟಿದ್ದರೆ ಆ ಕೆಂಪಿಗೆ ಹೆದರಬೇಕಿಲ್ಲ. ಮಾಂಸವೇ ಗಾಜಿನಂತೆ ಮಿಣುಗಿ ಜಾರುತ್ತಿದ್ದರೆ ಅದು ಹಸಿ, ಮತ್ತೆ ಒಳಗಿಡಿ.

ಎದೆ ಮಾಂಸ ಪ್ರತಿ ಸಲ ಒಣಗಿ ನಾರಾಗುತ್ತದೆ.

ಅದರಲ್ಲಿ ಕೊಬ್ಬಿಲ್ಲ. ಒಳಗಿನ ಬಿಸಿ 74 ದಾಟಿ ಏರಿದಷ್ಟೂ ಎಳೆಗಳು ಹಿಂಡಿ ನೀರು ಹೊರಹಾಕುತ್ತವೆ. ದಪ್ಪ ತುದಿಯನ್ನು ಲಟ್ಟಣಿಗೆಯಲ್ಲಿ ತಟ್ಟಿ ಎಲ್ಲ ಕಡೆ ಸಮ ಮಾಡಿ, ಎರಡು ಗಂಟೆ ಉಪ್ಪು ಹಚ್ಚಿಡಿ, ಎಣ್ಣೆ ಸವರಿ. 72ಕ್ಕೆ ತೆಗೆದು ತಟ್ಟೆಯಲ್ಲಿ ಐದು ನಿಮಿಷ ಬಿಟ್ಟರೆ ಒಳಬಿಸಿಯಲ್ಲೇ 74 ಮುಟ್ಟುತ್ತದೆ. ಥರ್ಮಾಮೀಟರ್ ಚುಚ್ಚಿ ಖಾತ್ರಿ ಮಾಡಿಕೊಳ್ಳಿ. ತೆಗೆದ ಕೂಡಲೇ ಕತ್ತರಿಸಿದರೆ ಉಳಿದ ರಸ ಹಲಗೆಯ ಮೇಲೆ.

ಒಂದು ಕೆಜಿ ಒಟ್ಟಿಗೆ ತುಂಬಬಹುದಾ? ನೆಂಟರು ಬಂದರೆ ಏನು ಮಾಡುವುದು?

ಬೇಡ. ತುಂಡಿನ ಮೇಲೆ ತುಂಡು ಬಿದ್ದರೆ ಗಾಳಿ ಆಡುವುದಿಲ್ಲ, ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತದೆ. ಬುಟ್ಟಿಯ ತಳ ಅಲ್ಲಲ್ಲಿ ಕಾಣುವಂತೆ ಒಂದೇ ಪದರ. 4 ಲೀಟರಿಗೆ ಅರ್ಧ ಕೆಜಿ ಕಬಾಬ್ ಅಥವಾ ಎರಡು ಲೆಗ್.

ಎಂಟು ಹತ್ತು ಜನರಿಗಾದರೆ ಹೀಗೆ ಮಾಡಿ. ಒಂದೊಂದು ಸರದಿಯನ್ನೂ ಮೊದಲ ಹಂತದ ಡಿಗ್ರಿಯಲ್ಲೇ ಒಳಗೆ ಪೂರ್ತಿ ಬೇಯುವ ತನಕ ಇಡಿ, ಆದರೆ ಕೊನೆಯ 200 ಡಿಗ್ರಿಯ ಹಂತಕ್ಕೆ ಬಿಡದೆ ತೆಗೆದು ಜಾಲರಿಯ ಮೇಲೆ ಹರಡಿ. ಎಲೆ ಹಾಕುವ ಹೊತ್ತಿಗೆ ಎರಡು ಸರದಿಯದನ್ನು ಒಟ್ಟಿಗೆ ಬುಟ್ಟಿಗೆ ಹಾಕಿ 200ರಲ್ಲಿ 4 ನಿಮಿಷ, ನಡುವೆ ಒಮ್ಮೆ ಕುಲುಕಿ. ಆಗಲೇ ನೀರು ಹೋಗಿರುವುದರಿಂದ ಈ ಹಂತದಲ್ಲಿ ಸ್ವಲ್ಪ ತುಂಬಿದರೂ ನಡೆಯುತ್ತದೆ. ಜಾಲರಿಯ ಮೇಲೆ ಒಂದು ಗಂಟೆಗಿಂತ ಹೆಚ್ಚು ಬಿಡಬೇಡಿ.

ಮಳೆಗಾಲದಲ್ಲಿ ಗರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ. ಅಂಥ ಗಾಳಿಯಲ್ಲಿ ಒಣ ಪದರ ಹೊರಗಿನಿಂದ ತೇವ ಎಳೆಯುತ್ತದೆ, ಒಳಗಿನ ಹಬೆ ಇನ್ನೊಂದು ಕಡೆಯಿಂದ ಒದ್ದೆ ಮಾಡುತ್ತದೆ. ಗಾಳಿಯನ್ನು ಬದಲಿಸಲಾಗದು, ಬೇರೆ ಕೆಲವನ್ನು ಬದಲಿಸಬಹುದು.

ಹಿಟ್ಟಿನ ಡಬ್ಬಿ ಬಿಗಿಯಾಗಿರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರ್ನ್ ಫ್ಲೋರ್, ಅಕ್ಕಿಹಿಟ್ಟನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಬಣ್ಣ ಬದಲಾಗದಂತೆ ಬೆಚ್ಚಗೆ ಮಾಡಿ ಆರಿಸಿ ಬಳಸಿ. ಅಳತೆಯಲ್ಲಿ ಅಕ್ಕಿಹಿಟ್ಟು ಹೆಚ್ಚಿಸಿ, ಎರಡೂ ಸಮ ಸಮ. ಅದರ ಗರಿ ಹೆಚ್ಚು ಹೊತ್ತು ತಾಳುತ್ತದೆ. ಬ್ರೆಡ್ ಪುಡಿ ಈ ತಿಂಗಳುಗಳಲ್ಲಿ ಬೇಡ. ಬೆಂದಮೇಲೆ ಸ್ಟೀಲ್ ಡಬ್ಬಿಗೋ ಮುಚ್ಚಿದ ಪಾತ್ರೆಗೋ ಹಾಕಿದರೆ ಐದೇ ನಿಮಿಷಕ್ಕೆ ಮೆತ್ತಗೆ. ಯಂತ್ರ ಆಫ್ ಮಾಡಿ, ಬುಟ್ಟಿಯನ್ನು ಒಂದಿಂಚು ಹೊರಗೆಳೆದು ಅಲ್ಲೇ ಬಿಡಿ, ಹಬೆ ಹೋಗುತ್ತದೆ, ಬಿಸಿ ಉಳಿಯುತ್ತದೆ.

ವೋಲ್ಟೇಜ್ ಕಡಿಮೆ ಇದ್ದರೆ? ನಡುವೆ ಕರೆಂಟ್ ಹೋದರೆ?

ಕಾಯಿಲ್‌ನ ಶಾಖ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 1,500 ವ್ಯಾಟ್ ಕೊಡುವ ಯಂತ್ರ 190 ವೋಲ್ಟಿನಲ್ಲಿ ಸುಮಾರು 1,020, 180ರಲ್ಲಿ 920 ವ್ಯಾಟ್ ಮಾತ್ರ ಕೊಡುತ್ತದೆ. ಫ್ಯಾನಿನ ಸದ್ದು ದಿನಕ್ಕಿಂತ ಇಳಿದಿದ್ದರೆ ಅದೇ ಗುರುತು. ಒಂಟಿಮನೆಗಳಲ್ಲಿ, ಅದರಲ್ಲೂ ತೋಟದ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಇದು ಮಾಮೂಲು. ಎಂಟು ನಿಮಿಷ ಖಾಲಿ ಕಾಯಿಸಿ, ಬುಟ್ಟಿ ಅರ್ಧವೇ ತುಂಬಿಸಿ, ಪದೇ ಪದೇ ತೆರೆದು ನೋಡಬೇಡಿ. ನಿಮಿಷದ ಲೆಕ್ಕ ಬಿಟ್ಟು ಗುರುತು ನೋಡಿ ತೆಗೆಯಿರಿ.

ಕರೆಂಟ್ ಹೋದರೆ ಬುಟ್ಟಿ ತೆರೆಯದೆ ಹತ್ತು ನಿಮಿಷ ಕಾಯಿರಿ. ಬರಲಿಲ್ಲವೋ, ತುಂಡುಗಳನ್ನು ದಪ್ಪ ತಳದ ಬಾಣಲೆಗೆ ಹಾಕಿ ಗ್ಯಾಸಿನ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು ಉರಿ ಏರಿಸಿ. ಅರೆಬೆಂದ ಕೋಳಿಯನ್ನು ‘ಕರೆಂಟ್ ಬಂದಮೇಲೆ ನೋಡೋಣ’ ಎಂದು ಗಂಟೆಗಟ್ಟಲೆ ಇಡುವುದು ಅಪಾಯ. ಉಗುರುಬೆಚ್ಚಗಿನ ಮಾಂಸದಲ್ಲಿ ರೋಗಾಣು ಬಹಳ ಬೇಗ ಬೆಳೆಯುತ್ತವೆ.

ಮನೆಯ ಸಾಧಾರಣ ಇನ್ವರ್ಟರ್ ಈ ಹೊರೆ ಎಳೆಯದು. ಮಿಕ್ಸಿಗೆ ಬಳಸುವ ಸಣ್ಣ ಪ್ಲಗ್ ಪಾಯಿಂಟ್, ಎಕ್ಸ್‌ಟೆನ್ಷನ್ ಬೋರ್ಡ್ ಎರಡೂ ಬೇಡ. 16 ಆಂಪಿಯರಿನ ದೊಡ್ಡ ಸಾಕೆಟ್ ಬೇಕು.

ಹೊಗೆ ಬರುತ್ತದೆ.

ಬಿಳಿ ಹೊಗೆಯಾದರೆ ಚರ್ಮದ ಕೊಬ್ಬು ತಳಕ್ಕೆ ತೊಟ್ಟಿಕ್ಕಿ ಸೀಯುತ್ತಿದೆ. ಬುಟ್ಟಿಯ ಕೆಳಗಿನ ಟ್ರೇಗೆ ಮೂರು ನಾಲ್ಕು ದೊಡ್ಡ ಚಮಚ ನೀರು ಹಾಕಿ, ನಿಲ್ಲುತ್ತದೆ. ಅಷ್ಟು ನೀರಿನಿಂದ ಗರಿಗೆ ಧಕ್ಕೆಯಿಲ್ಲ. ಗಾಣದ ಕೊಬ್ಬರಿ ಎಣ್ಣೆ 175 ಡಿಗ್ರಿಯ ಹತ್ತಿರವೇ ಹೊಗೆಯಾಡುತ್ತದೆ, ಅದನ್ನು ಕೊನೆಗೆ ಪರಿಮಳಕ್ಕೆ ಇಟ್ಟುಕೊಳ್ಳಿ. ಸುಡಲು ರಿಫೈನ್ಡ್ ಕಡಲೆಕಾಯಿ ಅಥವಾ ಸೂರ್ಯಕಾಂತಿ.

ಕರಿಬೇವಿನ ಮೇಲೂ ಕಣ್ಣಿರಲಿ. ಬಿಡಿ ಎಲೆ ಗಾಳಿಗೆ ಹಾರಿ ಕಾಯಿಲ್‌ಗೆ ಅಂಟಿ ಸುಟ್ಟು ಕಹಿ ಹೊಗೆ ಬಿಡುತ್ತದೆ. ಎಣ್ಣೆ ಸವರಿದ ಕಡ್ಡಿ ಸಮೇತದ ಎಲೆಯನ್ನು ಕೊನೆಯ ಎರಡು ನಿಮಿಷ ತುಂಡುಗಳ ಅಡಿಗೆ ಸಿಕ್ಕಿಸಿ. ಬಟರ್ ಪೇಪರ್ ಕೂಡ ಹೀಗೆಯೇ: ಮೇಲೆ ಕೋಳಿಯ ಭಾರ ಇಲ್ಲದೆ ಹಾಕಬಾರದು.

ಮಲೆನಾಡಿನ ಕಾಳುಮೆಣಸಿನ ರುಚಿ ಉಳಿಯುವಂತೆ ಮಾಡುವುದು ಹೇಗೆ?

ಮೆಣಸನ್ನು ಎರಡು ಪಾಲು ಮಾಡಿ. ಅರ್ಧ ಕೆಜಿಗೆ ಒಟ್ಟು ಎರಡು ಚಮಚ. ಒಂದು ಚಮಚ ತರಿತರಿಯಾಗಿ ಕುಟ್ಟಿ ಉಪ್ಪಿನ ಜತೆ ಮೊದಲೇ ಹಚ್ಚಿ, ಅದು ಖಾರ ಕೊಡುತ್ತದೆ. ಪರಿಮಳದ ಎಣ್ಣೆ ಬಿಸಿಗೆ ಹಾರಿಹೋಗುವುದರಿಂದ ಇನ್ನೊಂದು ಚಮಚ ಆಗ ತಾನೇ ಕುಟ್ಟಿದ್ದನ್ನು ಬೆಂದಮೇಲೆ ಹಾಕಬೇಕು. ಒಂದು ಚಮಚ ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಸೂಜಿಮೆಣಸು ಎರಡು, ಈ ಮೆಣಸು ಹಾಕಿ ಉರಿ ಆರಿಸಿ, ಗರಿಯಾದ ಕೋಳಿಯ ಮೇಲೆ ಹೊರಳಿಸಿ ತಕ್ಷಣ ಬಡಿಸಿ. ಅಕ್ಕಿರೊಟ್ಟಿ ಜತೆಗಿದ್ದರೆ ಬೇರೇನೂ ಬೇಡ.

ಜೇನು ಸವರುವವರು ಕೊನೆಯ ಎರಡು ನಿಮಿಷ, 180 ಡಿಗ್ರಿಯಲ್ಲಿ ಮಾತ್ರ ಸವರಿ. ಮುಂಚೆ ಹಚ್ಚಿದರೆ ಕರಕಲು.

ಫ್ರೀಜರಿನ ಕೋಳಿ ನೇರ ಹಾಕಬಹುದಾ?

ನಗೆಟ್ಸ್‌ನಂಥ ತಯಾರಿ ತಿಂಡಿಯಾದರೆ ಹೌದು. ಹಸಿ ಕೋಳಿಯಾದರೆ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ ಕರಗಿಸಿ, ಬಿಟ್ಟ ನೀರು ಚೆಲ್ಲಿ, ಒರೆಸಿ.

ಉಳಿದದ್ದನ್ನು ಮರುದಿನ ಬಿಸಿ ಮಾಡುವುದು?

ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಿದ್ದರೆ ಎರಡು ಮೂರು ದಿನ ತಿನ್ನಬಹುದು. 170 ಡಿಗ್ರಿ, 5ರಿಂದ 6 ನಿಮಿಷ, ಲೆಗ್ ಆದರೆ 9. ಒಳಗೂ ಹಬೆಯಾಡುವಷ್ಟು ಬಿಸಿಯಾಗಬೇಕು. ಎದೆ ಮಾಂಸವನ್ನು ಮತ್ತೆ ಕಾಯಿಸಿದರೆ ಒಣಗುತ್ತದೆ, ಬಿಡಿಸಿ ಪಲ್ಯಕ್ಕೋ ಸಾರಿಗೋ ಹಾಕುವುದೇ ಸರಿ.

ಬುಟ್ಟಿ ತೊಳೆಯುವುದು ಹೇಗೆ? ವಾಸನೆ ಹೋಗುವುದಿಲ್ಲ, ತುಕ್ಕೂ ಹಿಡಿಯುತ್ತಿದೆ.

ಆರಿದಮೇಲೆ ಬಿಸಿನೀರು, ಸೋಪು ಹಾಕಿ ಹದಿನೈದು ನಿಮಿಷ ನೆನೆಸಿ, ಮೆತ್ತನೆ ಸ್ಪಂಜಿನಲ್ಲಿ ಉಜ್ಜಿ. ಸ್ಟೀಲ್ ಉಜ್ಜು, ಬೂದಿ ಎರಡೂ ಬೇಡ. ಮೇಲಿನ ಲೇಪನ ಎದ್ದುಬಂದರೆ ಕೋಳಿ ಅಂಟಲು ಶುರು. ಒತ್ತಡದ ಡಬ್ಬಿಯ ಎಣ್ಣೆ ಸ್ಪ್ರೇ ಕೂಡ ಲೇಪನದ ಮೇಲೆ ಅಂಟು ಪದರ ಕಟ್ಟುತ್ತದೆ, ಬ್ರಷ್ ಸಾಕು. ವಾಸನೆ ಬಹಳ ಸಲ ಬುಟ್ಟಿಯದಲ್ಲ, ಕಾಯಿಲ್‌ನ ಸುತ್ತ ಸಿಡಿದ ಕೊಬ್ಬಿನದು. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದಮೇಲೆ ಯಂತ್ರವನ್ನು ಮಗುಚಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಿಂಗಳಿಗೆ ಒಮ್ಮೆಯಾದರೂ.

ಮಳೆಗಾಲದಲ್ಲಿ ತೊಳೆದ ಬುಟ್ಟಿಯನ್ನು ಒಳಗಿಟ್ಟು 150 ಡಿಗ್ರಿಯಲ್ಲಿ ಮೂರು ನಿಮಿಷ ಖಾಲಿ ಓಡಿಸಿ. ಬುಟ್ಟಿ, ಕಾಯಿಲ್‌ನ ಜಾಲರಿ ಎರಡೂ ಆರುತ್ತವೆ, ತುಕ್ಕು ಹಿಡಿಯುವುದಿಲ್ಲ. ತಣ್ಣಗಾದಮೇಲೆ ಬುಟ್ಟಿಯನ್ನು ಸ್ವಲ್ಪ ತೆರೆದಿಟ್ಟು, ಜಿರಲೆ ಹೋಗದಂತೆ ಮೇಲೊಂದು ತೆಳು ಬಟ್ಟೆ ಹೊದಿಸಿ.